ಒಂದು ಕೊಯ್ತಾ, ಒಂದು ಹೆಸರು

ಮೈಲೂರ, ಬೀದರ
9 ನವೆಂಬರ್ 2003

ಕೌಸಲ್ಯಕ್ಕನಿಗೆ ಭಾಗುವಿನ ಜೈ ಭೀಮ. ಕಾಶೀರಾಮ ಮಾಮಾನಿಗೂ ಹೇಳು.

ನೀವಿಬ್ಬರೂ ಠಾಣಾ ಕುಶನೂರಿನಲ್ಲಿ ಲಾರಿ ಹತ್ತಿದ ದಿನ ನಾನು ಬರಬೇಕಿತ್ತು. ಇನ್‌ಸ್ಟಿಟ್ಯೂಟಿನಲ್ಲಿ ರಜೆ ಸಿಗಲಿಲ್ಲ. ನಿಮ್ಮ ಟೋಳಿ ಕಬ್ಬು ಕಡಿಯಲು ಯಾವ ಊರಿನಲ್ಲಿ ಇಳಿದಿದೆ ಅಂತ ಗೊತ್ತಿರಲಿಲ್ಲ. ಈಗ ನಿಮ್ಮ ಟೋಳಿಯ ಕಾಂತಾಬಾಯಿಯ ಮನೆಯವರು ಕಾರ್ಖಾನೆ ಹತ್ತಿರದ ಕಿರಾಣಿ ಅಂಗಡಿಯ ವಿಳಾಸ ಕೊಟ್ಟರು. ಅಂಗಡಿಯವನು ಕಾಗದವನ್ನು ಸಕ್ಕರೆ ಕಟ್ಟಲು ಬಳಸದಿದ್ದರೆ ನಿನಗೆ ಮುಟ್ಟೀತು.

ಊರಿನಲ್ಲಿ ತೊಗರಿ ಹೂ ಬಿಡುವ ಮೊದಲೇ ಸುಟ್ಟುಹೋಯಿತಂತೆ. ಮೈಲೂರಿನಲ್ಲೂ ಟ್ಯಾಂಕರ್ ಬಂದ ದಿನವೇ ಸ್ನಾನ. ಅದು ಬಿಡು, ನಿನಗೊಂದು ಸುದ್ದಿ ಹೇಳಬೇಕು.

ನಾನು ಹೊಸ ಕೆಲಸ ಕಲಿಯುತ್ತಿದ್ದೇನೆ. ಇನ್‌ಸ್ಟಿಟ್ಯೂಟಿನಲ್ಲಿ ನಾನು ಮಾಡುವುದೇನು? ಹುಡುಗರನ್ನು ಸಾಲಾಗಿ ಕೂರಿಸಿ ಮೌಸ್ ಹಿಡಿಯುವುದು ಹೇಳಿಕೊಡುವುದು. ಪ್ರೋಗ್ರಾಮ್ ಬರೆಯುವುದನ್ನು ಓದಿ ಪಾಸಾದವಳು, ಬರೆಯದೆ ಮರೆಯುತ್ತಾ ಬಂದಿದ್ದೆ. ಈಗ ಚೌಬಾರಾ ಹತ್ತಿರ ನಜಮೋದ್ದೀನ ಭಾಯಿ ಅಂತ ಒಬ್ಬರು ಸಿಕ್ಕಿದ್ದಾರೆ. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಮೊದಲು ಜಿದ್ದಾದಲ್ಲಿ ಇದ್ದವರು. ಅಲ್ಲಿ ಯಾರ ನೌಕರಿಯಲ್ಲೂ ಇರದೆ ಒಬ್ಬರೇ ಪ್ರೋಗ್ರಾಮ್ ಬರೆದುಕೊಡುತ್ತಿದ್ದರಂತೆ. ಒಂದು ಕೆಲಸ ಒಪ್ಪಿಕೊಳ್ಳುವುದು, ಮುಗಿಸಿ ಕೊಡುವುದು, ದುಡ್ಡು ತೆಗೆದುಕೊಂಡು ಮುಂದಿನ ಬಾಗಿಲಿಗೆ ಹೋಗುವುದು. ಗುತ್ತಿಗೆ ಪ್ರೋಗ್ರಾಮರ್ ಅನ್ನುತ್ತಾರೆ.

ಮೊದಲ ದಿನ ಅವರು ಅಂದದ್ದು ಇದು: "ಪರೀಕ್ಷಾದಾಗ ಪ್ರಶ್ನಿ ಅವರು ಕೊಡ್ತಾರ ಬೇಟಾ. ಧಂದಾದಾಗ ಪ್ರಶ್ನಿ ನೀನೇ ಹುಡುಕಬೇಕು. ಗಿರಾಕಿಗಿ ತನಗೇನ್ ಬೇಕಂತ ಗೊತ್ತೇ ಇರಲ್ಲ." ಆಮೇಲೆ ಅವರ ಅಂಗಡಿಯ ಆರ್ಡರುಗಳಿಗೇ ನನ್ನಿಂದ ಒಂದು ಪ್ರೋಗ್ರಾಮ್ ಬರೆಸಿದರು. ನಾನು ಹೆಮ್ಮೆಯಿಂದ ತೋರಿಸಿದೆ. ಲಗ್ನದ ತಾರೀಖು ಹಾಕುವ ಜಾಗದಲ್ಲಿ ಅವರು 'ಬಿರಿಯಾನಿ' ಅಂತ ಬಡಿದರು. ಪ್ರೋಗ್ರಾಮ್ ಅಲ್ಲೇ ನೆಲಕಚ್ಚಿತು. "ಗಿರಾಕಿ ನನಕಿಂತ ಶಾಣ್ಯಾ ಇರ್ತಾನ, ತಯಾರಿರು" ಅಂದು ಚಹಾ ತರಿಸಿದರು. ದಿನಾ ಹೀಗೇ. ನಾನು ಕಟ್ಟುವುದು, ಅವರು ಕೆಡವುವುದು.

ಭಾಲ್ಕಿಯಿಂದ ಒಬ್ಬರು ಆಗಲೇ ಕೆಲಸ ಕೇಳಿದ್ದಾರೆ. ಇದು ಕೈಗೆ ಹತ್ತಿತೆಂದರೆ ನನಗೆ ಬೇಕಾದದ್ದು ಒಂದೇ. ಬರುವ ವರ್ಷ ನೀನು ಕಬ್ಬಿಗೆ ಹೋಗಬಾರದು. ಮಾಮಾನನ್ನೂ ಕರೆದುಕೊಂಡು ಮೈಲೂರಿಗೆ ಬಂದು ನನ್ನ ಜೊತೆ ಇರಬೇಕು.

ನಿನ್ನ ಭಾಗು


ಕಬ್ಬಿನ ಕಾರ್ಖಾನೆಯ ಗುಡಿಸಲುಗಳು
28 ನವೆಂಬರ್ 2003

ಭಾಗು, ಜೈ ಭೀಮ.

ಕಾಗದ ಮುಟ್ಟಿತು. ಅದರ ಮೇಲೆ ಒಂದು ಬೆಲ್ಲದ ಕಲೆ ಇತ್ತು, ಮತ್ತೇನೂ ಆಗಿರಲಿಲ್ಲ.

ಗುತ್ತಿಗೆ ಕೆಲಸ ಅಂತ ಓದಿ ಇವರು ನಕ್ಕರು. ನನಗೆ ನಗು ಬರಲಿಲ್ಲ. ಗುತ್ತಿಗೆ ಅಂದರೇನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಂಗಾಮು ಇದ್ದಾಗ ಮನೆಗೆ ಬಂದು ಕರೆಯುತ್ತಾರೆ, ಮುಗಿದ ಮೇಲೆ ಗುರುತು ಹಿಡಿಯುವುದಿಲ್ಲ. ಅವ್ವ ಅಪ್ಪ ಕೊಯ್ತಾ ಹಿಡಿದು ಕಬ್ಬು ಕಡಿದು ನಿನ್ನನ್ನು ಸಾಲೆಗೆ ಹಾಕಿದರು. ಅವರು ಹೋದ ಮೇಲೆ ನಾವು ಹಿಡಿದೆವು. ನೀನು ಫ್ಯಾನಿನ ಕೆಳಗೆ ಕೂತು ತಿಂಗಳ ಪಗಾರ ತೆಗೆದುಕೊಳ್ಳಲಿ ಅಂತ ತಾನೇ? ಇನ್‌ಸ್ಟಿಟ್ಯೂಟ್ ಬಿಡಬೇಡ. ಕಲಿಯುವುದನ್ನು ಸಂಜೆ ಕಲಿ.

ಇನ್ನೊಂದು ಮಾತು. ಭಾಲ್ಕಿ ಅಂದರೆ ನನಗೆ ಹಾವಗೆಪ್ಪ ಸಾವಕಾರನೇ ಕಣ್ಣ ಮುಂದೆ ಬರುತ್ತಾನೆ, ನಮ್ಮ ಟೋಳಿಗಳನ್ನೆಲ್ಲ ಇಲ್ಲಿಗೆ ಕಳಿಸುವವನು. ಅವನ ಹೊಸ್ತಿಲು ನೀನು ತುಳಿಯಬಾರದು. ಅವನು ಕೆಟ್ಟವನು ಅಂತ ಅಲ್ಲ. ನಮ್ಮ ಮನೆಯಲ್ಲಿ ಒಬ್ಬರಾದರೂ ಅವನ ಮುಂದೆ ಕೈಕಟ್ಟಿ ನಿಲ್ಲದೆ ಇರಲಿ ಅಂತ.

ಇಲ್ಲಿಯದು ನಿನಗೆ ಗೊತ್ತೇ ಇದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಇವರು ಕಡಿಯುತ್ತಾರೆ, ನಾನು ಗರಿ ಸವರಿ ಹೊರೆ ಕಟ್ಟುತ್ತೇನೆ, ಇಬ್ಬರೂ ಹೊತ್ತು ಲಾರಿಗೆ ಹಾಕುತ್ತೇವೆ. ಬೆಳಿಗ್ಗೆ ಸಾಲು ಹಂಚುವ ಸಾವಕಾರನ ಮುನಶಿ "ಕಾಶೀರಾಮ" ಅಂತ ಒದರಿದರೆ ಇಬ್ಬರೂ ಎದ್ದು ನಿಲ್ಲುತ್ತೇವೆ. ಈ ಸಲ ಕಬ್ಬು ಸಣ್ಣ, ಗರಿಗೆ ಬಿಳಿ ಹುಳ ಹತ್ತಿದೆ. ಕೈಗೆಲ್ಲ ಅಂಟು.

ಊಟ ಸರಿಯಾಗಿ ಮಾಡು.

ಕೌಸಲ್ಯಾ


ಮೈಲೂರ
21 ಡಿಸೆಂಬರ್ 2003

ಅಕ್ಕಾ,

ಇನ್‌ಸ್ಟಿಟ್ಯೂಟಿನ ಚಿಂತೆ ಬಿಡು. ಭಾಲ್ಕಿಯ ಚಿಂತೆಯನ್ನೂ ಬಿಡು. ಭಾಲ್ಕಿ ದೊಡ್ಡ ಊರು, ಅಲ್ಲಿ ಸಾವಕಾರರು ಬೇಕಾದಷ್ಟಿದ್ದಾರೆ.

ಕೆಲಸ ಒಪ್ಪಿಕೊಂಡೆ. ಮೊದಲ ಸಲ ಗಿರಾಕಿಯ ಗಾದಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ ಅಕ್ಕಾ. ಏನು ಮಾಡಿಕೊಡುತ್ತೇನೆ, ಏನು ಮಾಡುವುದಿಲ್ಲ, ಯಾವ ದಿನ ಕೊಡುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಇದು ಭಾಯಿಯ ಪಾಠ. "ಬಾಯಿಮಾತಿನ ಕೆಲಸ ಮಾಡಬ್ಯಾಡ. ನಾಳಿ ಅವರೂ ಮರೀತಾರ, ನೀನೂ ಮರೀತಿ" ಅನ್ನುತ್ತಾರೆ. ತುಂಡು ತುಂಡಾಗಿ ಮಾಡಿ ತೋರಿಸಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು, ಮಾಡಿದ್ದನ್ನು ಎರಡು ಫ್ಲಾಪಿಯಲ್ಲಿ ಇಡಬೇಕು. ಹಳೆಯ ಕಂಪ್ಯೂಟರ್ ಒಂದನ್ನು ಕೋಣೆಗೆ ತಂದುಕೊಂಡಿದ್ದೇನೆ. ಅದು ಕೂತ ಮೇಲೆ ನನಗೆ ಮಲಗಲು ಮೂಲೆ ಮಾತ್ರ ಉಳಿದಿದೆ. ಲೈಟ್ ಹೋದಾಗಲೆಲ್ಲ ಬರೆದದ್ದು ಹೋಗುತ್ತದೆ, ಬಂದಾಗ ಮತ್ತೆ ಬರೆಯುತ್ತೇನೆ. ಹೀಗೆ ಬರೆದೂ ಬರೆದೂ ಕೈ ಕುದುರಿದೆ.

ನನ್ನ ಪುಣ್ಯಕ್ಕೆ ಈ ಗಿರಾಕಿಯ ವ್ಯವಹಾರ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಪ್ರಶ್ನೆ ಕೇಳುವ ಕಷ್ಟವೇ ಬೀಳಲಿಲ್ಲ. ಭಾಯಿ ಆದರೂ ಕೇಳು ಅಂದರು. ಗೊತ್ತಿದ್ದದ್ದನ್ನು ಕೇಳಿದರೆ ಗಿರಾಕಿ ನನ್ನನ್ನು ಹುಚ್ಚಿ ಅಂದಾನು ಅಂತ ನಕ್ಕುಬಿಟ್ಟೆ.

ಭಾಗು


ಗುಡಿಸಲುಗಳು
16 ಜನವರಿ 2004

ಭಾಗು,

ಸಂಕ್ರಾಂತಿಗೆ ಎಳ್ಳು ಸಿಕ್ಕಲಿಲ್ಲ. ಕಬ್ಬು ಮಾತ್ರ ಬೇಕಾದಷ್ಟು.

ನಿನ್ನ ಮಾಮಾ ಈಗ ಅಡಿಗೆ ಮಾಡುತ್ತಾರೆ. ನಂಬುತ್ತೀಯಾ? ನಾನು ಹೊಲದಿಂದ ಬರುವಷ್ಟರಲ್ಲಿ ರೊಟ್ಟಿ ತಟ್ಟಿ ಇಟ್ಟಿರುತ್ತಾರೆ. ಭಾರತದ ನಕಾಶೆಯ ಹಾಗೆ ಇರುತ್ತವೆ, ಆದರೆ ರುಚಿ ಇದೆ.

ಎಲ್ಲರೂ ಆರಾಮ. ಹೆಚ್ಚು ಬರೆಯಲು ಕೈ ನೋಯುತ್ತದೆ.

ಕೌಸಲ್ಯಾ


ಮೈಲೂರ
27 ಜನವರಿ 2004

ಅಕ್ಕಾ,

ಮಾಮಾ ರೊಟ್ಟಿ ತಟ್ಟುವುದನ್ನು ನೆನೆದು ಹೊಟ್ಟೆ ಹಿಡಿದು ನಕ್ಕೆ. ಭಾಯಿಗೂ ಹೇಳಿದೆ. "ನಸೀಬವಾನ ಹೆಂಗಸು ನಿಮ್ಮಕ್ಕ" ಅಂದರು. ಮಾಮಾ ಮೈಲೂರಿಗೆ ಬಂದ ಮೇಲೆ ಒಲೆ ಅವರದೇ ಅಂತ ಈಗಲೇ ಹೇಳಿಡು.

ಕೆಲಸ ಕೊಟ್ಟೆ! ಹೇಳಿದ ದಿನಕ್ಕೇ ಕೊಟ್ಟೆ. ಗುಂಡಿ ಒತ್ತಿದರೆ ಪ್ರಿಂಟರಿನಿಂದ ಪಟ್ಟಿ ಕರ್ ಕರ್ ಅಂತ ಬರುತ್ತದೆ, ಎಲ್ಲಾ ಹೆಸರು ಅಕ್ಷರದ ಕ್ರಮದಲ್ಲಿ. ಗಿರಾಕಿ ಕನ್ನಡಕ ಹಾಕಿಕೊಂಡು ಕೂತು ನೋಡಿದರು. ಆಮೇಲೆ ಒಂದು ಬದಲಾವಣೆ ಕೇಳಿದರು. ಕೆಲಸದ ಆಳು ಬಹಳ ದಿನ ಬರಲಿಲ್ಲವೆಂದರೆ ಅವನ ಹೆಸರು ತಾನಾಗಿಯೇ ಪಟ್ಟಿಯಿಂದ ಬಿದ್ದುಹೋಗಬೇಕು, ಕೆಳಗಿನವರು ಮುಲಾಜಿಗೆ ಇಟ್ಟುಕೊಳ್ಳುತ್ತಾರೆ ಅಂತ. ಹಾಳೆಯಲ್ಲಿ ಇಲ್ಲದ ಕೆಲಸಕ್ಕೆ ಬೇರೆ ದುಡ್ಡು ಕೇಳು ಅಂತ ಭಾಯಿ ಹೇಳಿಕೊಟ್ಟಿದ್ದರು. ಕೇಳಿದೆ. ಕೊಟ್ಟರು ಅಕ್ಕಾ. ಒಂದೇ ದಿನದಲ್ಲಿ ಬರೆದುಕೊಟ್ಟೆ.

ನೀನು ಇದ್ದಿದ್ದರೆ ಕೊರಳಿಗೆ ಬಿದ್ದು ಕುಣಿಯುತ್ತಿದ್ದೆ.

ಭಾಗು


ಗುಡಿಸಲುಗಳು
19 ಫೆಬ್ರುವರಿ 2004

ಭಾಗು,

ಇವರು ರೊಟ್ಟಿ ತಟ್ಟುತ್ತಾರೆ ಅಂತ ಬರೆದಿದ್ದೆ. ನೀನು ನಕ್ಕೆ. ನಗಲಿ ಅಂತಲೇ ಬರೆದದ್ದು. ಈಗ ಇದ್ದದ್ದನ್ನು ಬರೆಯುತ್ತೇನೆ.

ಸಂಕ್ರಾಂತಿಗೆ ಮೊದಲು, ಹೊರೆ ಹೊತ್ತು ಲಾರಿಯ ಹಲಗೆ ಹತ್ತುವಾಗ ಇವರ ಕಾಲು ಜಾರಿತು. ಕೆಳಗೆ ಬಿದ್ದವರ ಸೊಂಟದ ಮೇಲೆ ಹೊರೆ ಬಿತ್ತು. ಡಾಕ್ಟರು ಬೆಲ್ಟ್ ಕಟ್ಟಿದ್ದಾರೆ. ಒಲೆಯ ಮುಂದೆ ಕೂರಿಸಿದರೆ ಕೂರುತ್ತಾರೆ, ತಾವಾಗಿ ಏಳಲಾರರು.

ನಾನು ಕೆಲಸ ಬಿಡಲಿಲ್ಲ. ನಮ್ಮ ಪಾಲಿನ ಸಾಲು ನಾನೇ ಕಡಿದೆ, ಸಣ್ಣ ಸಣ್ಣ ಹೊರೆ ಮಾಡಿ ನಾನೇ ಹೊತ್ತೆ. ಮುನಶಿ ನೋಡಿಯೂ ಸುಮ್ಮನಿದ್ದ. "ಕಾಶೀರಾಮ" ಅಂತ ಒದರುತ್ತಿದ್ದ, ನಾನೊಬ್ಬಳೇ ಎದ್ದು ನಿಲ್ಲುತ್ತಿದ್ದೆ. ಹಾಗೇ ನಡೆದುಹೋಗುತ್ತಿತ್ತು.

ಹೋದ ವಾರ ಭಾಲ್ಕಿಯಿಂದ, ಹಾವಗೆಪ್ಪ ಸಾವಕಾರನ ಕಡೆಯಿಂದ, ಕಂಪ್ಯೂಟರಿನಲ್ಲಿ ಹೊಡೆದ ಪಟ್ಟಿ ಬಂತು. ಇನ್ನು ಅದರ ಪ್ರಕಾರವೇ ಸಾಲು ಹಂಚಬೇಕಂತೆ. ಮುನಶಿ ಓದಿದ. ಇವರ ಹೆಸರು ಬರಲಿಲ್ಲ.

"ನಮ್ದ್ ಎಲ್ಲಿ ಹೋಯ್ತ್ರಿ?" ಅಂದೆ.

"ಗಂಡಸು ಕೆಲಸಕ್ಕಿಲ್ಲಂತ ಹಾಜರಿ ಭಾಲ್ಕಿಗಿ ಹೋಗ್ಯಾದ. ಕೊಯ್ತಾ ಬಿದ್ದದ."

"ನಾ ಕಡೀಲಿಕತ್ತೀನಲ್ರಿ. ದಿನಾ ನೋಡ್ತೀರಿ."

"ನಾ ನೋಡ್ತೀನವ್ವ. ಕಂಪ್ಯೂಟರ್ ನೋಡಲ್ಲ. ನಿನ್ ಹೆಸರು ಅದ್ರಾಗ ಮೊದಲಿಂದ ಇಲ್ಲೇ ಇಲ್ಲ. ಇಲ್ಲದ ಹೆಸರು ನಾ ಹ್ಯಾಂಗ ಓದ್ಲಿ?"

ಅವನದೂ ತಪ್ಪಿಲ್ಲ. ಎರಡು ದಿನ ಬಿಟ್ಟು ಗುಡಿಸಲು ಬಿಡಿ ಅಂದರು, ಅದು ಕೊಯ್ತಾದವರಿಗೆ ಕೊಟ್ಟದ್ದು. ಈಗ ಕಾಂತಾಬಾಯಿಯ ಗುಡಿಸಲಿಗೆ ಗೋಣಿ ತಟ್ಟು ಕಟ್ಟಿ ಇದ್ದೇವೆ. ಅವಳ ಸಾಲಿನಲ್ಲಿ ಕಡಿಯುತ್ತೇನೆ, ಅವಳು ಹಿಟ್ಟು ಕೊಡುತ್ತಾಳೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಾಲು ಜೋಮು ಹಿಡಿದ ಹಾಗೆ ಒಳಗೆಲ್ಲ ಜೋಮು ಹಿಡಿದಿದೆ.

ನೀನು ಕಂಪ್ಯೂಟರ್ ಓದಿದವಳು. ಅದಕ್ಕೆ ಹೇಳಿದರೆ ಕೇಳುತ್ತದೆಯೇ? ಅದನ್ನು ಬರೆದವರು ಯಾರು ಅಂತ ಗೊತ್ತು ಮಾಡಿಕೊಂಡು ಒಂದು ಮಾತು ಹೇಳಲು ಆಗುತ್ತದೆಯೇ? ನಿನ್ನ ಹಾಗೆ ಓದಿದವರೇ ಇದ್ದಾರು. ಹೇಳಿದರೆ ಕೇಳಿಯಾರು.

ಕೌಸಲ್ಯಾ


ಮೈಲೂರ
1 ಮಾರ್ಚ್ 2004

ಅಕ್ಕಾ,

ಇದನ್ನು ಕಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ.

ಅದನ್ನು ಬರೆದವಳು ನಾನು. ನನ್ನ ಗಿರಾಕಿ ಹಾವಗೆಪ್ಪ ಸಾವಕಾರ. ಇನ್‌ಸ್ಟಿಟ್ಯೂಟನ್ನು ದಸರೆಗೇ ಬಿಟ್ಟಿದ್ದೆ. ರಜೆ ಸಿಗಲಿಲ್ಲ ಅಂದದ್ದು ಸುಳ್ಳು. ಲಾರಿಯ ಹತ್ತಿರ ಸಾವಕಾರ ನಿಂತಿರುತ್ತಾನೆ, ನಿನ್ನೆದುರೇ ನನ್ನನ್ನು ಮಾತಾಡಿಸಿಬಿಡುತ್ತಾನೆ ಅಂತ ಬರಲಿಲ್ಲ. ಅವನ ದುಡ್ಡಿನಿಂದಲೇ ನಿನ್ನನ್ನು ಅವನ ಲಾರಿಯಿಂದ ಇಳಿಸುತ್ತೇನೆ ಅಂದುಕೊಂಡಿದ್ದೆ. ಆ ಯೋಚನೆ ಬಂದ ದಿನ ನನ್ನ ಬುದ್ಧಿಗೆ ನಾನೇ ಶಹಭಾಸ್ ಅಂದಿದ್ದೆ.

ನಜಮೋದ್ದೀನ ಭಾಯಿ ಕೇಳಿದ್ದರು ಅಕ್ಕಾ. "ಕೊಯ್ತಾ ಅಂದ್ರ ಏನು? ಅದ್ರಾಗ ಎಷ್ಟ್ ಮಂದಿ ಇರ್ತಾರ?" ನಾನು ನಕ್ಕೆ. "ಕೊಯ್ತಾ ಅಂದ್ರ ಒಂದ್ರಿ ಭಾಯಿ. ಅದ್ರಾಗ ಕೇಳೋದೇನದ?" ಅವರಿಗೆ ಗೊತ್ತಿರಲಿಲ್ಲ, ಅದಕ್ಕೆ ಕೇಳಿದರು. ನನಗೆ ಗೊತ್ತಿತ್ತು, ಅದಕ್ಕೆ ಕೇಳಲಿಲ್ಲ. ಹೊರಗಿನವರು ಯಾರೇ ಇದನ್ನು ಬರೆದಿದ್ದರೂ ಹೆಂಡತಿಯ ಹೆಸರಿಗೆ ಒಂದು ಜಾಗ ಇಡುತ್ತಿದ್ದರು. ನಾನು ಕೊಯ್ತಾದವರ ಮನೆಯಲ್ಲಿ ಹುಟ್ಟಿದವಳು, ಇಡಲಿಲ್ಲ. "ವೈಜಿನಾಥ" ಅಂತ ಕರೆದಾಗ ಅಪ್ಪನ ಹಿಂದೆ ಅವ್ವ ಏಳುತ್ತಿದ್ದಳು. ಆ ಹೆಸರಿನೊಳಗೆ ಅವಳೂ ಇದ್ದಾಳೆ ಅಂತಲೇ ನಾನು ತಿಳಿದಿದ್ದೆ.

ಹೆಸರುಗಳನ್ನು ಕಂಪ್ಯೂಟರಿಗೆ ಬಡಿದವಳೂ ನಾನೇ. ಮಾಮಾನ ಹೆಸರು ಬಂದಾಗ ಖುಷಿಯಾಗಿತ್ತು. ನಿನ್ನ ಹೆಸರು ಬಡಿಯಬೇಕು ಅಂತ ಅನಿಸಲೇ ಇಲ್ಲ. ಹೆಸರು ತಾನಾಗಿ ಬೀಳುವ ಸಾಲುಗಳನ್ನು ಬರೆದು ಬೇರೆ ದುಡ್ಡು ತೆಗೆದುಕೊಂಡೆ. ಆ ದುಡ್ಡಿನಲ್ಲಿ ನಿನಗೆ ಸೀರೆ ತಂದಿದ್ದೇನೆ.

ನಿನ್ನ ಕಾಗದ ಓದಿ ಪ್ರೋಗ್ರಾಮ್ ತೆರೆದು ನೋಡಿದೆ. ಎಲ್ಲಾ ಸರಿಯಾಗಿ ನಡೆಯುತ್ತಿದೆ. ಎಲ್ಲೂ ನೆಲಕಚ್ಚುವುದಿಲ್ಲ. ಅಳು ಬರುತ್ತದೆ ಅಂತ ಕಾದೆ, ಬರಲಿಲ್ಲ. ಎದ್ದು ನೀರು ತುಂಬಿಸಿದೆ.

ಮಾಮಾನನ್ನು ಮಲಗಿಸಿಕೊಂಡು, ಬೇರೆಯವರ ಗುಡಿಸಲಿನಲ್ಲಿ, ಇದನ್ನು ನೀನು ಹೇಗೆ ಓದುತ್ತೀ? ಕಳಿಸುವುದಿಲ್ಲ.


ಮೈಲೂರ
2 ಮಾರ್ಚ್ 2004

ಅಕ್ಕಾ,

ಕಂಪ್ಯೂಟರ್ ಹೇಳಿದರೆ ಕೇಳುತ್ತದೆ. ಬರೆದವರು ಯಾರು ಅಂತ ಗೊತ್ತಾಗಿದೆ. ನಾನು ಭಾಲ್ಕಿಗೆ ಹೋಗುತ್ತೇನೆ. ಮಾಮಾನಿಂದ ಏನೂ ಎತ್ತಿಸಬೇಡ.

ಭಾಗು


ಠಾಣಾ ಕುಶನೂರ
27 ಮಾರ್ಚ್ 2004

ಭಾಗು,

ಊರಿಗೆ ಬಂದು ಮುಟ್ಟಿದೆವು. ನಿನ್ನ ಎರಡು ಸಾಲಿನ ಕಾಗದವನ್ನು ಕಾಂತಾಬಾಯಿ ಆಮೇಲೆ ತಂದುಕೊಟ್ಟಳು.

ಈ ವರ್ಷ ಅಲ್ಲೂ ಕಬ್ಬು ಸಾಲಲಿಲ್ಲ, ಕಾರ್ಖಾನೆ ಬೇಗ ನಿಂತಿತು. ತಿರುಗಿ ಬರುವ ಲಾರಿಗೂ ಪಟ್ಟಿ ಓದಿಯೇ ಹತ್ತಿಸಿಕೊಂಡರು. ನಾವು ಬಸ್ಸಿನಲ್ಲಿ ಉದಗೀರಕ್ಕೆ ಬಂದು ಅಲ್ಲಿಂದ ಔರಾದಕ್ಕೆ ಬಂದೆವು. ಇವರು ಬಸ್ಸಿನ ನೆಲದ ಮೇಲೆ ಮಲಗಿ ಬಂದರು. ಕಂಡಕ್ಟರ್ ಒಳ್ಳೆಯವನಿದ್ದ, ಅವರನ್ನು ದಾಟಿ ಹೋಗುವಾಗ ಚಪ್ಪಲಿ ಬಿಡುತ್ತಿದ್ದ.

ಔರಾದ ಬಸ್‌ಸ್ಟ್ಯಾಂಡಿನಲ್ಲಿ ಮುನಶಿ ಸಿಕ್ಕ. "ಕಂಪ್ಯೂಟರಂದು ನಿನ್ ತಂಗಿನೇ ಮಾಡ್ಯಾಳಂತಲ್ಲವ್ವ. ಸಾವಕಾರ್ರು ಭಾಳ ಹೊಗಳ್ತಾರ" ಅಂದ. ಹೌದ್ರಿ, ನನ್ ತಂಗಿ ಅಂದೆ. ಮನೆಗೆ ಬಂದು ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಭಾಲ್ಕಿ, ಪಟ್ಟಿ, ಬಿದ್ದುಹೋಗುವ ಹೆಸರು, ಎಲ್ಲಾ ನೀನೇ ಬರೆದಿದ್ದೆ. ನನಗೆ ತಿಳಿಯಲಿಲ್ಲ.

ನಿನ್ನನ್ನು ಬೈಯಬೇಕು ಅಂತ ಕೂತೆ. ಏನು ಬೈಯಬೇಕು ಅಂತ ಹೊಳೆಯಲಿಲ್ಲ. ನನ್ನ ಹೆಸರು ಬರೆಯಿರಿ ಅಂತ ನಾನೂ ಯಾವತ್ತೂ ಯಾರಿಗೂ ಹೇಳಿದವಳಲ್ಲ. ಇವರಿಗೆ ಇನ್ನೂ ಹೇಳಿಲ್ಲ.

ನೀನು ಸದ್ಯಕ್ಕೆ ಇಲ್ಲಿಗೆ ಬರಬೇಡ. ಹೇಳುವುದಿದ್ದರೆ ಕಾಗದ ಬರೆ.

ಕೌಸಲ್ಯಾ


ಮೈಲೂರ
18 ಏಪ್ರಿಲ್ 2004

ಅಕ್ಕಾ,

ಬರಬೇಡ ಅಂದೆ, ಬಂದಿಲ್ಲ. ಇನ್ನು ನಿನಗೆ ಸುಳ್ಳು ಬರೆಯುವುದಿಲ್ಲ. ತಪ್ಪು ನನ್ನದು. ಇದಕ್ಕಿಂತ ದೊಡ್ಡ ಮಾತು ಹುಡುಕಿದೆ, ಸಿಗಲಿಲ್ಲ.

ಭಾಲ್ಕಿಗೆ ಮೂರು ಸಲ ಹೋದೆ. ಎರಡು ಸಲ ಸಾವಕಾರ ಸಿಗಲಿಲ್ಲ. ಮೂರನೆಯ ಸಲ ಕೂತಿದ್ದ.

"ಸಾವಕಾರ್ರಿ, ಪ್ರೋಗ್ರಾಮಿನಾಗ ತಪ್ಪಾಗ್ಯಾದ್ರಿ. ಹೆಣ್ಮಕ್ಕಳ ಹೆಸರು ಬಿಟ್ಟೀನಿ" ಅಂದೆ.

"ತಪ್ಪೇನವ್ವ, ಬರಾಬರ್ ಅದ. ಕೊಯ್ತಾ ಒಂದ, ಹೆಸರ ಒಂದ. ನಮ್ಮಪ್ಪನ ಕಾಲದಿಂದ ಹಂಗೇ."

"ತಿದ್ತೀನ್ರಿ. ರೊಕ್ಕ ಬ್ಯಾಡ."

"ಬ್ಯಾಡಂದ್ರ ಯಾಕ ತಿದ್ದತಿ? ನಾ ಕೇಳೀನೇನ?"

"ತಿದ್ದದೆ ಬರೋ ಹಂಗಾಮಿಗಿ ನಾ ನಡಿಸಿಕೊಡಲ್ರಿ. ಬ್ಯಾರೆಯವರನ್ನ ನೋಡ್ಕೋರಿ."

ನನ್ನ ಬಾಯಿಂದ ಇದು ಬಂತು ಅಕ್ಕಾ. ಈ ಗಿರಾಕಿ ಬಿಟ್ಟರೆ ನನಗೆ ಇನ್ನೊಬ್ಬನಿಲ್ಲ. ಅವನು ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ತೋರಿಸು ಅಂದ. ತೋರಿಸಿದೆ. ಗಂಡನ ಹೆಸರು, ಕೆಳಗೆ ಹೆಂಡತಿಯ ಹೆಸರು.

"ಗಂಡಸು ಬಿದ್ರ ಹೆಂಗಸು ಉಳೀತಾಳ?" ಅಂದ. ಉಳೀತಾಳ್ರಿ ಅಂದೆ. "ಅಂಥಾಕಿ ಮುಂದ ಅರ್ಧ ಅಂತ ತೋರಸು. ಅರ್ಧ ಕೊಯ್ತಾ." ಹಾಕಿದೆ. ಅರ್ಧವಾದರೂ ಆಗಲಿ, ಇಲ್ಲದೇ ಇರುವುದಕ್ಕಿಂತ ಮೇಲು ಅನ್ನಿಸಿತು. ಆಗ ಸಾವಕಾರನ ಮುಖ ಅರಳಿತು. ಯಾಕೆ ಅಂತ ನಾನು ಕೇಳಲಿಲ್ಲ. ಗೆದ್ದೆ ಅಂದುಕೊಂಡೆ.

"ಇವತ್ತು ನೀ ಸ್ವಂತ ಧಂದಾದಾಕಿ ಆದಿ. ಗಿರಾಕಿಗಿ ಇಲ್ಲ ಅಂದಿ" ಅಂದರು ನಜಮೋದ್ದೀನ ಭಾಯಿ. ಖುಷಿಪಡಲು ನೋಡಿದೆ, ಆಗಲಿಲ್ಲ.

ಇನ್ನು ನಿಮ್ಮಿಬ್ಬರ ಮಾತು. ಮೈಲೂರಿಗೆ ಬನ್ನಿ. ಮಾಮಾನನ್ನು ಇಲ್ಲಿ ದೊಡ್ಡ ಡಾಕ್ಟರಿಗೆ ತೋರಿಸೋಣ. ಸುಳ್ಳು ಬರೆಯುವುದಿಲ್ಲ ಅಂದೆನಲ್ಲ. ಮುಂದಿನ ಕೆಲಸ ಇನ್ನೂ ಬಂದಿಲ್ಲ. ಬರುತ್ತದೆ.

ಭಾಗು


ಮೈಲೂರ
22 ಆಗಸ್ಟ್ 2004

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಕಾಂತಾಬಾಯಿ ಬೀದರಕ್ಕೆ ಬಂದಾಗ ಸಿಕ್ಕಿದ್ದಳು. ಮಾಮಾ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ ಅಂದಳು.

ಕೆಲಸ ಬಂತು. ಔರಾದದ ಒಬ್ಬ ಗುತ್ತೇದಾರನಿಗೂ ಅದೇ ಪ್ರೋಗ್ರಾಮ್ ಬೇಕಂತೆ. "ಆ ಅರ್ಧ ಅಂತ ತೋರಸ್ತದಲ್ಲಾ, ಅದು ಇರಲೇಬೇಕು" ಅಂದ. ಈ ಸಲ ಎಲ್ಲಾ ಕೇಳಿದೆ ಅಕ್ಕಾ. ನನಗೆ ಗೊತ್ತಿದ್ದದ್ದನ್ನೂ ಕೇಳಿದೆ. ಅವನು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಚಿಂತಾಕಿಯ ಒಂದು ದಾಲ್‌ಮಿಲ್ಲಿನವರು ಬೇರೆ ಏನೋ ಕೇಳಿದ್ದರು, ಬಗೆಹರಿಯಲಿಲ್ಲ. ಒಂದು ತಿಂಗಳು ಕೈತುಂಬ ಕೆಲಸ, ಮುಂದಿನ ತಿಂಗಳು ಭಾಯಿಯ ಅಂಗಡಿಯಲ್ಲಿ ಲಗ್ನಪತ್ರಿಕೆಯ ಹೆಸರು ತಿದ್ದುತ್ತಾ ಕೂರುವುದು. ಹೀಗಿದೆ.

ಆದರೂ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಹಬ್ಬ ಬಂದರೆ ಲಾರಿಗಳು ಬರುತ್ತವೆ. ನೀನು ಹತ್ತಬಾರದು. ನಾನು ಇಷ್ಟೆಲ್ಲ ಕಲಿತದ್ದು ಅದಕ್ಕೇ. ಸಿಟ್ಟಿದ್ದರೆ ಬಂದು ನನ್ನ ಮನೆಯಲ್ಲಿ ಕೂತು ಮಾಡು.

ಭಾಗು


ಔರಾದ
29 ಅಕ್ಟೋಬರ್ 2004

ಭಾಗು, ಜೈ ಭೀಮ.

ಲಾರಿ ಬಿಡಲು ಇನ್ನೂ ಹೊತ್ತಿದೆ. ಹಾಸಿಗೆಯ ಗಂಟಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಇವರನ್ನು ನಾಳೆ ಕಾಂತಾಬಾಯಿಯ ಮೈದುನ ನಿನ್ನ ಮನೆಗೆ ಕರೆತರುತ್ತಾನೆ. ಒಂದು ಕೋಣೆ ಅವರಿಗೆ ಕೊಡು, ಡಾಕ್ಟರಿಗೆ ತೋರಿಸು. ಚಹಾಕ್ಕೆ ಸಕ್ಕರೆ ಹೆಚ್ಚು ಕೇಳುತ್ತಾರೆ, ಕೊಡಬೇಡ. ಅವರಿಗೆ ಎಲ್ಲಾ ಹೇಳಿದ್ದೇನೆ. "ಸಣ್ಣಾಕಿ, ಬಿಡು" ಅಂದರು.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಅದಕ್ಕಾಗಿ ಹೋಗುತ್ತಿದ್ದೇನೆ ಅಂದುಕೊಳ್ಳಬೇಡ. ನಾವಿಬ್ಬರೂ ನಿನ್ನ ಮೇಲೆ ಬಿದ್ದರೆ, ಕೆಲಸವಿಲ್ಲದ ತಿಂಗಳು ನೀನು ಸಿಕ್ಕಸಿಕ್ಕವರಿಗೆಲ್ಲ ಹೂಂ ಅನ್ನಬೇಕಾಗುತ್ತದೆ. ಹಾವಗೆಪ್ಪ ಸಾವಕಾರನ ಮುಂದೆ ಕೂತು ಇಲ್ಲ ಅಂದೆಯಲ್ಲ, ಅವ್ವ ಅನ್ನಲಿಲ್ಲ, ನಾನು ಅನ್ನಲಿಲ್ಲ. ಅದನ್ನು ನೀನು ಇಟ್ಟುಕೊಳ್ಳಬೇಕು. ಅದಕ್ಕೆ ಇವರನ್ನು ಕಳಿಸಿ ನಾನು ಹೋಗುತ್ತಿದ್ದೇನೆ.

ಬೆಳಿಗ್ಗೆ ಮುನಶಿ ಹೊಸ ಪಟ್ಟಿ ಓದಿದ. "ಕೌಸಲ್ಯಾಬಾಯಿ, ಅರ್ಧ" ಅಂದ. ಮೊದಲು ನನಗೆ ತಿಳಿಯಲಿಲ್ಲ, ಯಾರನ್ನೋ ಕರೆದ ಅಂತ ಕೂತೇ ಇದ್ದೆ. ಎರಡನೆಯ ಸಲ ಒದರಿದಾಗ ಎದ್ದು "ಅದೀನ್ರಿ" ಅಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಖುಷಿಯೋ ದುಃಖವೋ ಗೊತ್ತಾಗಲಿಲ್ಲ, ಎರಡೂ ಇರಲಿಲ್ಲ ಅಂತ ಕಾಣುತ್ತದೆ.

ಈ ಸಲ ಲಾರಿಯಲ್ಲಿ ನನ್ನ ಹಾಗೆ ಒಂಟಿ ಹೆಂಗಸರು ಏಳು ಮಂದಿ ಇದ್ದಾರೆ. ಗಂಡ ಸತ್ತವರು, ಬಿಟ್ಟವರು, ಒಬ್ಬಳಿಗೆ ಇನ್ನೂ ಲಗ್ನವೇ ಆಗಿಲ್ಲ. ಮೊದಲಾದರೆ ಇವರನ್ನು ಯಾರೂ ಕಬ್ಬಿಗೆ ಒಯ್ಯುತ್ತಿರಲಿಲ್ಲ, ಊರಲ್ಲೇ ಉಳಿಯುತ್ತಿದ್ದರು. ಈಗ ಪಟ್ಟಿಯಲ್ಲಿ ಅರ್ಧಕ್ಕೂ ಜಾಗ ಇದೆ, ಸಾವಕಾರ ಮನೆಮನೆಗೆ ಆಳು ಕಳಿಸಿ ಹುಡುಕಿ ಕರೆಸಿದ್ದಾನೆ. ಮುನಶಿ ಇಬ್ಬಿಬ್ಬರನ್ನು ನಿಲ್ಲಿಸಿ ಒಂದೊಂದು ಕೊಯ್ತಾ ಮಾಡಿದ. ನನ್ನ ಜೊತೆಗೆ ಆ ಲಗ್ನವಾಗದ ಹುಡುಗಿಯನ್ನು ಹಾಕಿದ್ದಾನೆ. ಕುಡುಗೋಲು ಹಿಡಿಯಲು ಇನ್ನೂ ಬರುವುದಿಲ್ಲ ಅವಳಿಗೆ, ದಾರಿಯಲ್ಲಿ ಹೇಳಿಕೊಡಬೇಕು.

ಪಟ್ಟಿಯಲ್ಲಿ ನಮ್ಮ ಹೆಸರು ಹಾಕಿದವಳು ನನ್ನ ತಂಗಿ ಅಂತ ಅವರಿಗೆಲ್ಲ ಹೇಳಿದೆ. ಅವರು ನಿನಗೆ ಒಳ್ಳೆಯದಾಗಲಿ ಅಂದರು.

ಕೌಸಲ್ಯಾ